ಪೋಷಕರಿಗೆ ತುರ್ತು ಸುದ್ದಿ ಮುಟ್ಟಿಸುವ ಸೇವೆ: ಮಲೆನಾಡಿನ ಶಾಲೆಯೊಂದರ ಬಳಕೆಯ ನಂತರ

ತೀರ್ಥಹಳ್ಳಿ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜೊಂದರ ಆಡಳಿತ ಮಂಡಳಿಯಲ್ಲಿ ಪೋಷಕರಿಗೆ ಸುದ್ದಿ ತಲುಪಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಕಳೆದ ಶೈಕ್ಷಣಿಕ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನಾವು ಖಾಸಗಿ ಕಂಪನಿಯೊಂದು ಮಾರುವ ತುರ್ತು ಸಂದೇಶ ಸೇವೆಗೆ ಚಂದಾದಾರರಾದೆವು. ಮಳೆರಜೆ, ಬಸ್ಸು ಕೆಟ್ಟು ನಿಲ್ಲುವುದು, ಅವಧಿಗೆ ಮುನ್ನ ಮಕ್ಕಳನ್ನು ಮನೆಗೆ ಕಳಿಸುವುದು, ಹೆಜ್ಜೇನು ದಾಳಿ, ಬಿಸಿಯೂಟದ ನಂತರ ಮಕ್ಕಳಿಗೆ ವಾಂತಿಯಾಗುವುದು ಮುಂತಾದ ಯಾವುದೇ ಸಂದರ್ಭದಲ್ಲಿ ಎಲ್ಲ ಮನೆಗಳಿಗೂ ಒಂದೇ ಸುದ್ದಿ ಒಂದೇ ಹೊತ್ತಿಗೆ ಹೋಗಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಇಂತಹ ಸೇವೆಗಳನ್ನು ಮಾರುವ ಕಂಪನಿಗಳು ಹಲವಿವೆ ಮತ್ತು ಅವುಗಳ ರಚನೆ ಹೆಚ್ಚು ಕಡಿಮೆ ಒಂದೇ ಬಗೆಯದು. ಆದ್ದರಿಂದ ಕಂಪನಿಯ ಹೆಸರನ್ನು ಬದಿಗಿಟ್ಟು, ಮಲೆನಾಡಿನ ಶಾಲೆಯೊಂದು ಇಂತಹದ್ದನ್ನು ಕೊಳ್ಳುವ ಮುನ್ನ ಏನನ್ನು ನೋಡಬೇಕು ಎಂಬ ದೃಷ್ಟಿಯಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸೇವೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಪೋಷಕರು ತಮ್ಮ ಮೊಬೈಲಿಗೆ ಇಳಿಸಿಕೊಳ್ಳಬೇಕಾದ ಆ್ಯಪ್, ಎರಡನೆಯದು ಎಸ್‌ಎಂಎಸ್, ಮೂರನೆಯದು ಮೊದಲೇ ಧ್ವನಿಮುದ್ರಿಸಿಟ್ಟ ಮಾತನ್ನು ಎಲ್ಲರಿಗೂ ಕರೆ ಮಾಡಿ ಕೇಳಿಸುವ ವ್ಯವಸ್ಥೆ. ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ತರಗತಿವಾರು, ಊರುವಾರು ಅಥವಾ ಬಸ್ ಮಾರ್ಗವಾರು ಪೋಷಕರನ್ನು ಆಯ್ದುಕೊಂಡು ಸುದ್ದಿ ಕಳಿಸಬಹುದು. ಚಂದಾ ಹಣವನ್ನು ವಿದ್ಯಾರ್ಥಿಗಳ ತಲೆ ಎಣಿಸಿ ಹಾಕುತ್ತಾರೆ, ಎಸ್‌ಎಂಎಸ್ ಮತ್ತು ಕರೆಗಳಿಗೆ ಬೇರೆ ದುಡ್ಡು. ಮಾರಲು ಬಂದ ಪ್ರತಿನಿಧಿ ಮಾತಿನ ಬಹುಪಾಲನ್ನು ಆ್ಯಪಿನ ಗುಣಗಾನಕ್ಕೇ ಮೀಸಲಿಟ್ಟರು. ಧ್ವನಿಕರೆಯ ಬಗ್ಗೆ ನಾವೇ ಕೇಳಿದ ಮೇಲೆ, ‘ಅದೂ ಇದೆ ಸಾರ್, ಆದರೆ ಈಗ ಯಾರೂ ಅದನ್ನು ಅಷ್ಟಾಗಿ ಬಳಸುವುದಿಲ್ಲ’ ಎಂದರು.

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಆ ‘ಅದೂ ಇದೆ’ ಎಂಬುದೇ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಒಂಟಿಮನೆಗಳಿಗೆ ಅದು ಮರಳಿ ಬರಲು ದಿನಗಟ್ಟಲೆ ಹಿಡಿಯುವುದುಂಟು. ಟವರಿನ ಬ್ಯಾಟರಿ ಮುಗಿಯುವವರೆಗೆ ಸಿಗ್ನಲ್ ಇರುತ್ತದೆ, ಆದರೆ ಆ ಸಿಗ್ನಲ್ಲಿನಲ್ಲಿ ಮಾತು ದಾಟೀತೇ ಹೊರತು ನೆಟ್ ನಡೆಯುವುದಿಲ್ಲ. ಸ್ಮಾರ್ಟ್‌ಫೋನಿನ ಚಾರ್ಜು ಸಂಜೆಯೊಳಗೆ ಇಳಿದುಹೋದರೂ ಮನೆಯ ಹಿರಿಯರ ಕೀಪ್ಯಾಡ್ ಮೊಬೈಲು ಕಿಟಕಿಯ ಮೇಲೆ, ಸಿಗ್ನಲ್ ಸಿಗುವ ಆ ಒಂದೇ ಜಾಗದಲ್ಲಿ, ಮೂರು ದಿನವಾದರೂ ಜೀವ ಹಿಡಿದುಕೊಂಡಿರುತ್ತದೆ. ಅಂತಹ ಮನೆಗೆ ಸುದ್ದಿ ಹೋಗುವ ದಾರಿ ಕರೆ ಮಾತ್ರ. ಕರೆಗೆ ನಾವು ಬಳಸಿದ್ದು ಕಂಪನಿಯ ಯಂತ್ರದ ಧ್ವನಿಯನ್ನಲ್ಲ, ನಮ್ಮ ಮುಖ್ಯ ಶಿಕ್ಷಕಿಯವರದೇ ಧ್ವನಿಯನ್ನು. ಪರಿಚಿತ ಗಂಟಲು ಕೇಳಿದ ಕೂಡಲೇ ಜನ ನಂಬುತ್ತಾರೆ ಎಂಬುದು ಮೊದಲ ವಾರದಲ್ಲೇ ಗೊತ್ತಾಯಿತು. ನಂಬಿಕೆ ಎಲ್ಲಿಯವರೆಗೆ ಹೋಯಿತೆಂದರೆ, ಅಜ್ಜಿಯೊಬ್ಬರು ಕರೆ ಎತ್ತಿಕೊಂಡು, ‘ಸ್ವಲ್ಪ ತಡೀರಿ ಟೀಚರ್, ಮಗ ತೋಟಕ್ಕೆ ಹೋಗಿದಾನೆ, ಕೂಗಿ ಕರೀತೀನಿ’ ಎಂದು ಮೊಬೈಲನ್ನು ಜಗುಲಿಯ ಮೇಲಿಟ್ಟು ಹೊರಟೇಹೋದರಂತೆ. ಮಗ ಬರುವಷ್ಟರಲ್ಲಿ ಧ್ವನಿಮುದ್ರಿಕೆ ಮುಗಿದಿತ್ತು.

ಈ ಪ್ರಸಂಗದಿಂದ ಎರಡು ಅನುಕೂಲಗಳ ಅಗತ್ಯ ತಿಳಿಯಿತು. ಸುದ್ದಿಯನ್ನು ಒಂದೇ ಕರೆಯಲ್ಲಿ ಎರಡು ಬಾರಿ ಹೇಳಬೇಕು, ಮತ್ತು ಕೇಳಿಸಿಕೊಂಡವರು ಒಂದು ಅಂಕಿಯನ್ನು ಒತ್ತಿ ‘ತಿಳಿಯಿತು’ ಎಂದು ಹೇಳುವ ಅವಕಾಶವಿರಬೇಕು. ಮೊದಲನೆಯದನ್ನು ಧ್ವನಿಮುದ್ರಿಸುವಾಗ ನಾವೇ ಮಾಡಿಕೊಂಡೆವು. ಎರಡನೆಯದು ಈ ಸೇವೆಯಲ್ಲಿ ಇದೆ, ಆದರೆ ಅದಕ್ಕೆ ಹೆಚ್ಚಿನ ಶುಲ್ಕ ಕೇಳುತ್ತಾರೆ. ಕರೆ ‘ತಲುಪಿದೆ’ ಎಂದು ಪುಟದಲ್ಲಿ ಹಸಿರು ಗುರುತು ಬಿದ್ದರೆ ಕರೆಯನ್ನು ಯಾರೋ ಎತ್ತಿದ್ದಾರೆ ಎಂದಷ್ಟೇ ಅರ್ಥ. ಐದು ವರ್ಷದ ಮಗು ಎತ್ತಿದರೂ ಹಸಿರೇ. ‘ತಿಳಿಯಿತು’ ಎಂದು ಒತ್ತದವರ ಪಟ್ಟಿ ಕೈಗೆ ಸಿಕ್ಕರೆ ತರಗತಿ ಶಿಕ್ಷಕರು ಆ ಕೆಲವರಿಗೆ ಮಾತ್ರ ಖುದ್ದು ಕರೆ ಮಾಡಬಹುದು. ತುರ್ತು ಸೇವೆಯ ಹೆಸರಿನಲ್ಲಿ ಮಾರುವ ವಸ್ತುವಿನಲ್ಲಿ ಈ ಒಂದು ಸೌಲಭ್ಯಕ್ಕೆ ಬೇರೆ ಬೆಲೆ ಕಟ್ಟಿರುವುದು ನನಗೆ ಸರಿ ಕಾಣಲಿಲ್ಲ.

ಇನ್ನೂ ದೊಡ್ಡ ತೊಡಕು ಕರೆ ಬರುವ ಸಂಖ್ಯೆಯದು. ಮೊದಲ ಕೆಲವು ವಾರ ಕಂಪನಿ 140ರಿಂದ ಶುರುವಾಗುವ ಸಂಖ್ಯೆಯಿಂದ ಕರೆ ಹಾಕುತ್ತಿತ್ತು. ದೂರಸಂಪರ್ಕ ನಿಯಮದ ಪ್ರಕಾರ 140 ಟೆಲಿಮಾರ್ಕೆಟಿಂಗ್ ಕರೆಗಳಿಗೆ ಮೀಸಲಾದ ಸರಣಿ. ಸಾಲ ಬೇಕೇ, ಸೈಟು ಬೇಕೇ ಎಂದು ಕೇಳುವ ಕರೆಗಳಿಂದ ಬೇಸತ್ತ ಜನ ಆ ಅಂಕಿಗಳನ್ನು ಕಂಡ ಕೂಡಲೇ ಕರೆ ಕತ್ತರಿಸುತ್ತಾರೆ, ಕೆಲವರು ಆ ಸರಣಿಯನ್ನೇ ತಡೆಹಿಡಿದಿರುತ್ತಾರೆ. ಹೀಗಾಗಿ ರಜೆಯ ಸುದ್ದಿ ಹೊತ್ತ ಕರೆಯನ್ನು ಪೋಷಕರು ಶಿಸ್ತಾಗಿ ಕತ್ತರಿಸಿ, ಮಕ್ಕಳಿಗೆ ಕೊಡೆ ಕೊಟ್ಟು ಶಾಲೆಗೆ ಕಳಿಸಿದರು. ಹಲವು ದೂರುಗಳ ನಂತರ ಕಂಪನಿ ಸಾಮಾನ್ಯ ಸ್ಥಿರ ದೂರವಾಣಿಯಂತೆ ಕಾಣುವ ಸಂಖ್ಯೆಯೊಂದನ್ನು ಕೊಟ್ಟಿತು. ಅದನ್ನು ಪೋಷಕರ ಸಭೆಯಲ್ಲಿ ಎಲ್ಲರ ಮೊಬೈಲಿನಲ್ಲೂ ಶಾಲೆಯ ಹೆಸರಿನಲ್ಲೇ ಉಳಿಸಿಸಿದ ಮೇಲೆ ಕರೆ ಎತ್ತುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಏರಿತು. ಕೊಳ್ಳುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು.

ಎಸ್‌ಎಂಎಸ್ ವಿಷಯದಲ್ಲಿ ಕನ್ನಡದ ಶಾಲೆಗಳಿಗೆ ಒಂದು ವಿಶೇಷ ಕಷ್ಟವಿದೆ. ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ ಒಂದು ಕಂತಿಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ ಹಿಡಿಸುತ್ತದೆ. ಅದಕ್ಕಿಂತ ಉದ್ದವಾದರೆ ಸಂದೇಶ ತುಂಡಾಗಿ ಹೋಗುತ್ತದೆ, ತುಂಡಿಗೊಂದು ದರ ಬೀಳುತ್ತದೆ. ಆ 70ರ ಲೆಕ್ಕವೂ ನಾವು ಬಾಯಲ್ಲಿ ಎಣಿಸುವ ಅಕ್ಷರಗಳದ್ದಲ್ಲ. ಕಾಗುಣಿತದ ಒಂದೊಂದು ಚಿಹ್ನೆ, ಒತ್ತಿನೊಳಗಿನ ಹಲಂತ, ಪದಗಳ ನಡುವಿನ ತೆರಪು ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ‘ಶಿವಮೊಗ್ಗ’ ಎಂಬ ಹೆಸರೊಂದೇ ಎಂಟನ್ನು ತಿನ್ನುತ್ತದೆ. ‘ನಾಳೆ ಬುಧವಾರ ಶಾಲೆಗೆ ರಜೆ’ ಎಂಬ ಪೂರ್ತಿ ಸುದ್ದಿಗೆ 22 ಸಾಕು, ಆದರೆ ನಮ್ಮ ಕಚೇರಿಗಳ ಪ್ರೀತಿಯ ಆರಂಭವಾದ ‘ಜಿಲ್ಲಾಧಿಕಾರಿಗಳ ಆದೇಶದನ್ವಯ’ ಎಂಬ ಎರಡು ಪದಗಳಿಗೇ 24 ಖರ್ಚಾಗುತ್ತದೆ. ಗುಮಾಸ್ತರಿಗೆ ಇದನ್ನು ಎಣಿಸಿ ತೋರಿಸಿದ ಮೇಲೆ ನಮ್ಮ ಸಂದೇಶಗಳು ಸುದ್ದಿಯಿಂದಲೇ ಶುರುವಾಗತೊಡಗಿದವು. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂಬುದು ನೋಟಿಸ್ ಬೋರ್ಡಿಗೆ ಮರಳಿತು.

ಎಸ್‌ಎಂಎಸ್ ಕಳಿಸಲು ಇನ್ನೊಂದು ಗೇಟು ದಾಟಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಸಂಸ್ಥೆಗಳು ರಾಶಿ ಸಂದೇಶ ಕಳಿಸುವ ಮುನ್ನ ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ನೋಂದಾಯಿಸಿರಬೇಕು, ಮಾದರಿಗೆ ಹೊಂದದ ಸಂದೇಶವನ್ನು ದೂರಸಂಪರ್ಕ ಕಂಪನಿಗಳು ದಾರಿಯಲ್ಲೇ ತಡೆಯುತ್ತವೆ. ವಂಚನೆಯ ಸಂದೇಶಗಳನ್ನು ತಡೆಯಲು ಇದು ಒಳ್ಳೆಯ ಏರ್ಪಾಡು. ಆದರೆ ಹೆಜ್ಜೇನು ಎದ್ದ ಮಧ್ಯಾಹ್ನ ಹೊಸ ಮಾದರಿಗೆ ಒಪ್ಪಿಗೆ ಕೇಳಿ ಕೂರಲಾಗುವುದಿಲ್ಲವಷ್ಟೆ. ಆದ್ದರಿಂದ ಮಾದರಿಗಳು ಜೂನ್ ತಿಂಗಳಿಗೆ ಮುಂಚೆಯೇ ಸಿದ್ಧವಿರಬೇಕು: ರಜೆ, ಬೇಗ ಬಿಡುವುದು, ಬಸ್ ತಡ, ‘ಮಕ್ಕಳು ಸುರಕ್ಷಿತವಾಗಿದ್ದಾರೆ, ಮುಂದಿನ ಮಾಹಿತಿ ಇಷ್ಟು ಗಂಟೆಗೆ’, ‘ಹಿಂದಿನ ಸಂದೇಶದಲ್ಲಿ ತಿದ್ದುಪಡಿ’, ‘ಅಪಾಯ ಕಳೆದಿದೆ’. ನಮ್ಮ ಕಂಪನಿ ಕೊಟ್ಟ ಸಿದ್ಧ ಮಾದರಿಗಳಲ್ಲಿ ಶುಲ್ಕ ಬಾಕಿಯನ್ನು ನೆನಪಿಸುವ ಒಕ್ಕಣೆಗಳು ಬೇಕಾದಷ್ಟಿದ್ದವು, ತಿದ್ದುಪಡಿಗೆ ಒಂದೂ ಇರಲಿಲ್ಲ. ಅದಕ್ಕೂ ಮಿಗಿಲಾಗಿ, ಮೊದಲು ಅವರು ಮಾಡಿಸಿದ್ದ ನೋಂದಣಿ ಪ್ರಚಾರ ಸಂದೇಶಗಳ ವರ್ಗದಲ್ಲಿತ್ತು. ಆ ವರ್ಗದವು ರಾತ್ರಿ ಮತ್ತು ಮುಂಜಾನೆಯ ಹೊತ್ತಿನಲ್ಲಿ ಹೋಗುವುದಿಲ್ಲ, ಮಳೆರಜೆಯ ಸುದ್ದಿ ಹುಟ್ಟುವುದೇ ಆ ಎರಡು ಹೊತ್ತಿನಲ್ಲಿ.

ಮಳೆರಜೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಈ ಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯನ್ನು ಹೊಂದಿರುವ ತಾಲ್ಲೂಕಿನಲ್ಲಿ ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಯೇ ರಜೆಯ ಆದೇಶವಾಗಿಬಿಟ್ಟರೆ ಜುಲೈ ತಿಂಗಳಲ್ಲಿ ಪಾಠ ನಡೆಯುವುದು ಕಷ್ಟ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ, 204.4ನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಇವು ಮಳೆಯ ಅಳತೆಗಳೇ ಹೊರತು ರಜೆಯ ಆದೇಶಗಳಲ್ಲ. ಆದರೆ ಟಿವಿಯಲ್ಲಿ ‘ರೆಡ್ ಅಲರ್ಟ್’ ಎಂಬ ಪದ ಕೇಳಿದ ಪೋಷಕರು ಅದನ್ನು ರಜೆ ಎಂದೇ ಗ್ರಹಿಸುತ್ತಾರೆ. ರಜೆ ಕೊಡುವುದು ಜಿಲ್ಲಾಧಿಕಾರಿ, ಅಥವಾ ಅವರ ಸೂಚನೆಯಂತೆ ತಾಲ್ಲೂಕು ಮಟ್ಟದಲ್ಲಿ ತಹಶೀಲ್ದಾರ್ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ. ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ರಜೆಯಿದ್ದು ಶಿಕಾರಿಪುರಕ್ಕೆ ಇಲ್ಲದಿರುವುದು ಸಾಮಾನ್ಯ. ಜೊತೆಗೆ ಹಳೆಯ ವರ್ಷದ ಆದೇಶದ ದಿನಾಂಕವನ್ನು ತಿದ್ದಿ ವಾಟ್ಸ್ಆ್ಯಪಿನಲ್ಲಿ ಹರಿಬಿಡುವ ಮಕ್ಕಳೂ ಇದ್ದಾರೆ, ಮಕ್ಕಳು ಮಾತ್ರವೇ ಎಂದು ಆಣೆ ಮಾಡಿ ಹೇಳಲಾರೆ. ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಗೊಳಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆ 2005ರ 54ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆಮನೆ ಅಥವಾ ದಂಡವಿದೆ, ಆದರೆ ರಜೆಯ ಆಸೆಯ ಮುಂದೆ ಈ ಕಲಂ ಯಾರಿಗೆ ನೆನಪಾದೀತು?

ಇಂತಹ ಗೊಂದಲದ ನಡುವೆ ಬೆಳಿಗ್ಗೆ ಆರೂವರೆಗೆ ಬರುವ ಶಾಲೆಯ ಕರೆಗೆ ಬೆಲೆಯಿದೆ, ಆರೂವರೆಗೇ ಬಂದರೆ. ದೂರದ ಮಕ್ಕಳು ಏಳು ಗಂಟೆಯ ಹೊತ್ತಿಗೆಲ್ಲ ಮನೆ ಬಿಟ್ಟು ಗದ್ದೆಯ ಅಂಚು, ಕಾಲುಸಂಕ ದಾಟಿ ರಸ್ತೆಗೆ ಬಂದು ಬಸ್ಸಿಗೆ ನಿಲ್ಲುತ್ತಾರೆ. 2022ರ ಆಗಸ್ಟಿನಲ್ಲಿ ಘಟ್ಟದ ಕೆಳಗೆ ಬೈಂದೂರಿನ ಕಡೆ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಜಿಲ್ಲೆಯಲ್ಲೆಲ್ಲ ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ನಾವು ಆರೂಮುಕ್ಕಾಲಿಗೆ ಕಳಿಸಿದ ಕರೆ ಕೆಲವರಿಗೆ ಎಂಟು ಗಂಟೆಗೆ ಹೋಯಿತು. ಅದೇ ಹೊತ್ತಿಗೆ ಹಲವು ಶಾಲೆಗಳು ಕರೆ ಹಾಕಿದ್ದರಿಂದ ಸಾಲು ಉದ್ದವಾಯಿತು ಎಂದು ಕಂಪನಿ ಸಮಜಾಯಿಷಿ ನೀಡಿತು. ಎಲ್ಲರಿಗೂ ಒಟ್ಟಿಗೆ ಬೇಕಾಗುವುದನ್ನೇ ತುರ್ತು ಎನ್ನುತ್ತಾರೆ ಎಂದು ಉತ್ತರ ಬರೆದೆ. ಆ ನಂತರ ನಾವು ರಜೆ ಇರಲಿ, ಇಲ್ಲದಿರಲಿ, ಮಳೆ ಜೋರಾಗಿರುವ ದಿನಗಳಲ್ಲಿ ಹಿಂದಿನ ರಾತ್ರಿ ಎಂಟಕ್ಕೇ ಒಂದು ಕರೆ ಮಾಡಿ, ‘ಈವರೆಗೆ ರಜೆಯ ಆದೇಶ ಬಂದಿಲ್ಲ, ಬೆಳಿಗ್ಗೆ ಆರೂವರೆಗೆ ಮತ್ತೆ ತಿಳಿಸುತ್ತೇವೆ, ಹಳ್ಳ ತುಂಬಿದ್ದರೆ ಆದೇಶಕ್ಕೆ ಕಾಯದೆ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಿ, ಹಾಜರಾತಿಯ ಚಿಂತೆ ಬೇಡ’ ಎಂದು ಹೇಳಲಾರಂಭಿಸಿದೆವು. ಮುಂದಿನ ಸುದ್ದಿ ಯಾವಾಗ ಬರುತ್ತದೆ ಎಂದು ತಿಳಿಸಿದ ಮೇಲೆ ಕಚೇರಿಗೆ ಬರುವ ಕರೆಗಳು ಅರ್ಧಕ್ಕರ್ಧ ಇಳಿದವು ಎಂದು ಗುಮಾಸ್ತರ ಅಂಬೋಣ.

ಆ್ಯಪಿನ ಬಗ್ಗೆ ಹೆಚ್ಚು ಬರೆಯುವುದಕ್ಕೆ ಏನಿಲ್ಲ. ನೋಡಲು ಚೆನ್ನಾಗಿದೆ, ಅಂಕಪಟ್ಟಿ ಮತ್ತು ಹಾಜರಾತಿಗೆ ಅನುಕೂಲ. ಕನ್ನಡದ ಆಯ್ಕೆ ಇದ್ದರೂ ಅರ್ಧ ಗುಂಡಿಗಳು ಇಂಗ್ಲಿಷಿನಲ್ಲೇ ಉಳಿದಿವೆ. ತುರ್ತು ಸೂಚನೆಯೂ ಶುಲ್ಕದ ಸೂಚನೆಯೂ ಒಂದೇ ಸದ್ದಿನಲ್ಲಿ ಬರುತ್ತವೆ. ಸೂಚನೆಯ ಕೆಳಗೆ ಪೋಷಕರು ಪರಸ್ಪರ ಪ್ರತಿಕ್ರಿಯೆ ಬರೆಯುವ ಜಾಗವನ್ನು ಮೊದಲೇ ತೆರೆದಿಟ್ಟು ಕೊಟ್ಟಿದ್ದರು. ಒಂದು ಬಸ್ಸಿನ ಗಾಜು ಕೊಂಬೆ ತಗುಲಿ ಒಡೆದ ದಿನ ಅಲ್ಲಿ ‘ಬಸ್ ಪಲ್ಟಿಯಾಗಿದೆಯಂತೆ’ ಎಂಬ ಸಾಲು ಕಾಣಿಸಿಕೊಂಡಿತು. ಆ ಜಾಗವನ್ನು ಅಂದೇ ಮುಚ್ಚಿಸಿದೆವು.

ಯಾರು ಮಾತನಾಡಬೇಕು ಎಂಬ ಪ್ರಶ್ನೆಗೆ ಈ ಸೇವೆ ತೋರುವ ಉದಾಸೀನ ನನಗೆ ಅತ್ಯಂತ ದೊಡ್ಡ ಕೊರತೆಯಾಗಿ ಕಂಡಿತು. ಅಮೆರಿಕದಲ್ಲಿ 1970ರ ದಶಕದ ಕ್ಯಾಲಿಫೋರ್ನಿಯಾ ಕಾಳ್ಗಿಚ್ಚುಗಳ ನಂತರ ರೂಪುಗೊಂಡ ಘಟನಾ ನಿರ್ವಹಣಾ ಪದ್ಧತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂಬ ಪ್ರತ್ಯೇಕ ಹುದ್ದೆಯಿದೆ. ಬೆಂಕಿ ಆರಿಸುವವರು ಬೇರೆ, ಬೆಂಕಿಯ ಬಗ್ಗೆ ಜನರಿಗೆ ಹೇಳುವವರು ಬೇರೆ, ಹೇಳುವ ಮಾತಿಗೆ ಒಪ್ಪಿಗೆ ಕೊಡುವುದು ಮುಖ್ಯಸ್ಥರು. ಸುದ್ದಿ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿಯದೇ ಕಹಿ ನಿದರ್ಶನವಿದೆ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ವಸತಿನಿಲಯದಲ್ಲಿ ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಗುಂಡು ಹಾರಿತು; ಆವರಣದವರಿಗೆಲ್ಲ ಮೊದಲ ಇಮೇಲ್ ಹೋದದ್ದು 9.26ಕ್ಕೆ, ಅದಾಗಿ ಸ್ವಲ್ಪ ಹೊತ್ತಿನಲ್ಲೇ ತರಗತಿ ಕಟ್ಟಡದಲ್ಲಿ ಎರಡನೇ ದಾಳಿ ನಡೆದು ಸಾವಿನ ಸಂಖ್ಯೆ ಬಹುವಾಗಿ ಏರಿತು. ಮರುವರ್ಷ ಅಲ್ಲಿನ ಕಾನೂನು ತಿದ್ದುಪಡಿಯಾಗಿ, ಅಪಾಯ ಖಚಿತವಾದ ಕೂಡಲೇ ವಿಳಂಬವಿಲ್ಲದೆ ಆವರಣದವರಿಗೆ ತಿಳಿಸುವುದು ಕಾಲೇಜುಗಳ ಕರ್ತವ್ಯವಾಯಿತು.

ನಮ್ಮ ಹಳ್ಳಿ ಶಾಲೆಗೆ ಪ್ರತ್ಯೇಕ ಮಾಹಿತಿ ಅಧಿಕಾರಿ ಎಲ್ಲಿಂದ ಬರಬೇಕು? ಹಾಗೆಂದು ಆ ಕೆಲಸವನ್ನು ಯಾರಿಗೂ ವಹಿಸದೆ ಬಿಡಲಾಗುವುದಿಲ್ಲ. ಈ ಸೇವೆಯಲ್ಲಿ ಲಾಗಿನ್ ಇರುವ ಯಾರೇ ಆದರೂ ಎಲ್ಲ ಪೋಷಕರಿಗೂ ಏನನ್ನು ಬೇಕಾದರೂ ಕಳಿಸಬಹುದು. ಒಬ್ಬರು ಬರೆದು ಇನ್ನೊಬ್ಬರು ಒಪ್ಪಿದ ಮೇಲೆಯೇ ಹೋಗುವಂತೆ ಮಾಡುವ ಏರ್ಪಾಡಿಲ್ಲ, ಕಳಿಸಿದ್ದನ್ನು ಮಧ್ಯದಲ್ಲಿ ನಿಲ್ಲಿಸುವ ಗುಂಡಿಯೂ ಇಲ್ಲ. ನಾವು ಇದನ್ನು ಕಾಗದದ ಮೇಲೆ ಸರಿಪಡಿಸಿಕೊಂಡೆವು. ಬರೆಯುವವರು ಹಿರಿಯ ಕನ್ನಡ ಶಿಕ್ಷಕರು, ಒಪ್ಪುವವರು ಮುಖ್ಯ ಶಿಕ್ಷಕಿ, ಅವರು ಸಿಗದಿದ್ದರೆ ಪ್ರಾಂಶುಪಾಲರು. ಮಕ್ಕಳನ್ನು ಬಯಲಿಗೆ ಕರೆತರುವ, ಎಣಿಸುವ ಕೆಲಸದಲ್ಲಿರುವ ದೈಹಿಕ ಶಿಕ್ಷಕರ ಕೈಗೆ ಆ ಹೊತ್ತಿನಲ್ಲಿ ಮೊಬೈಲು ಕೊಡಬಾರದು ಎಂದೂ ಬರೆದುಕೊಂಡೆವು. ಪತ್ರಕರ್ತರು ಬಂದರೆ ಅವರನ್ನು ಗೇಟಿನಲ್ಲಿ ತಡೆದು ಗದರುವ ಬದಲು ಕಚೇರಿಯ ಪಕ್ಕದ ಕೊಠಡಿಯಲ್ಲಿ ಕೂರಿಸಿ, ಗೊತ್ತಿರುವುದನ್ನು ಹೇಳಿ, ಮುಂದಿನ ಹೇಳಿಕೆಯ ಗಂಟೆಯನ್ನು ತಿಳಿಸಬೇಕು. ಮಕ್ಕಳ ಹೆಸರು, ಚಿತ್ರ, ಆಸ್ಪತ್ರೆಯ ಮಂಚದ ವಿಡಿಯೋ ಯಾರ ಕೈಗೂ ಹೋಗಬಾರದು; ಕಾನೂನಿನ ಪ್ರಕ್ರಿಯೆಯಲ್ಲಿ ಸಿಲುಕಿದ ಮಗುವಿನ ಗುರುತು ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ನಿಷೇಧಿಸುತ್ತದೆ. ಮೊದಲು ಆಯಾ ಮಗುವಿನ ಮನೆಗೆ, ಆನಂತರ ಎಲ್ಲರಿಗೂ ಎಂಬ ಕ್ರಮವನ್ನು ಯಾವ ಆ್ಯಪೂ ತಾನಾಗಿ ಪಾಲಿಸುವುದಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಧೈರ್ಯ ಎಷ್ಟು ಮುಖ್ಯ ಎಂಬುದನ್ನು ಶಿವಮೊಗ್ಗದವರು 2021ರ ಜನವರಿ 21ರ ರಾತ್ರಿ ಕಂಡಿದ್ದಾರೆ. ಹತ್ತೂಕಾಲು ದಾಟಿದ ಹೊತ್ತಿನಲ್ಲಿ ಭಾರಿ ಸದ್ದಿನೊಂದಿಗೆ ಮನೆಗಳು ನಡುಗಿದವು, ಕಿಟಕಿ ಗಾಜುಗಳು ಒಡೆದವು, ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿಬಂದರು. ಚಿಕ್ಕಮಗಳೂರು ಜಿಲ್ಲೆಯವರೆಗೂ ಸದ್ದು ಕೇಳಿತು. ಮೊಬೈಲುಗಳಲ್ಲಿ ‘ಭೂಕಂಪ’ ಎಂದು ಹರಿದಾಡಿತು, ಮತ್ತೊಮ್ಮೆ ಆಗುತ್ತದಂತೆ ಎಂಬ ಬಾಲವೂ ಅದಕ್ಕೆ ಸೇರಿಕೊಂಡಿತು. ಹುಣಸೋಡಿನ ಕಲ್ಲು ಕ್ವಾರಿಯ ಬಳಿ ಸ್ಫೋಟಕ ಸಿಡಿದದ್ದು ಎಂಬ ಖಚಿತ ಸುದ್ದಿ ಬರುವವರೆಗೆ ಜನ ಚಳಿಯಲ್ಲಿ ಹೊರಗೇ ನಿಂತಿದ್ದರು. ಆ ರಾತ್ರಿ ವಸತಿನಿಲಯಗಳಿಂದ ಪೋಷಕರಿಗೆ ಬೇಕಾಗಿದ್ದ ಸುದ್ದಿಯಲ್ಲಿ ಭೂಕಂಪವೋ ಅಲ್ಲವೋ ಎಂಬ ತೀರ್ಮಾನ ಇರಬೇಕಿರಲಿಲ್ಲ. ‘ದೊಡ್ಡ ಸದ್ದಾಗಿದೆ, ಕಾರಣ ಇನ್ನೂ ತಿಳಿದಿಲ್ಲ, ಮಕ್ಕಳನ್ನು ಎಣಿಸಿದ್ದೇವೆ, ಎಲ್ಲರೂ ಕ್ಷೇಮ, ಅರ್ಧ ಗಂಟೆಯಲ್ಲಿ ಮತ್ತೆ ತಿಳಿಸುತ್ತೇವೆ’ ಎಂಬಷ್ಟು ಹತ್ತು ನಿಮಿಷದಲ್ಲಿ ಹೋಗಿದ್ದರೆ ಸಾಕಿತ್ತು. ನಾವು ಈ ಒಕ್ಕಣೆಯನ್ನೇ ಮಾದರಿಯಾಗಿ ನೋಂದಾಯಿಸಿಟ್ಟಿದ್ದೇವೆ.

ಬಾಂಬ್ ಬೆದರಿಕೆಯ ವಿಷಯ ಇದಕ್ಕಿಂತ ಸೂಕ್ಷ್ಮ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಒಟ್ಟಿಗೆ ಹುಸಿ ಬೆದರಿಕೆಯ ಇಮೇಲ್ ಬಂದಾಗ ಪೋಷಕರು ವಾಹನಗಳನ್ನು ತಂದು ಶಾಲೆಗಳ ಮುಂದೆ ಜಮಾಯಿಸಿದರು. ಪೊಲೀಸರಿಗೂ ತಪಾಸಣೆಯ ತಂಡಕ್ಕೂ ಬೇಕಾದ ರಸ್ತೆಯೇ ಹಾಗೆ ಕಟ್ಟಿಕೊಳ್ಳುತ್ತದೆ. ಇಂತಹ ಹೊತ್ತಿನಲ್ಲಿ ಮೊದಲ ಕರೆ 112ಕ್ಕೆ ಹೋಗಬೇಕು. ಪೋಷಕರಿಗೆ ಹೋಗುವ ಮಾತಿನಲ್ಲಿ ಎಲ್ಲಿಗೆ ಬರಬೇಕು, ಯಾವ ಗೇಟಿಗೆ ಬರಬಾರದು, ಮಗುವನ್ನು ಯಾರ ಕೈಗೆ ಒಪ್ಪಿಸುತ್ತೇವೆ ಎಂಬ ವಿವರವೇ ಮುಖ್ಯವಾಗಿರಬೇಕು. ಈ ಸೇವೆಯಲ್ಲಿ ಊರುವಾರು ಪಟ್ಟಿ ಇರುವುದು ಇಲ್ಲಿ ನಿಜಕ್ಕೂ ಉಪಯುಕ್ತ. ಅಣಕು ಕಾರ್ಯಾಚರಣೆಯ ದಿನ ಒಂದೊಂದು ಮಾರ್ಗದವರನ್ನು ಒಂದೊಂದು ಹೊತ್ತಿಗೆ ಕರೆಸಿ ನೋಡಿದೆವು, ಗೇಟಿನ ಮುಂದೆ ನೂಕುನುಗ್ಗಲಾಗಲಿಲ್ಲ. ಆದರೆ ಅಂದೇ ಇನ್ನೊಂದು ಹುಳುಕು ಹೊರಬಿತ್ತು. ದಾಖಲಾತಿಯ ವೇಳೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಕೊಟ್ಟ ಮೊಬೈಲ್ ಸಂಖ್ಯೆಗಳನ್ನೇ ಕಂಪನಿ ಸೇರಿಸಿಕೊಂಡಿತ್ತು, ಅವುಗಳಲ್ಲಿ ಹಲವು ಸಿಮ್‌ಗಳು ಎಂದೋ ಸತ್ತುಹೋಗಿದ್ದವು. ಒಂದು ಸಂಖ್ಯೆ ಬೇರೆ ಜಿಲ್ಲೆಯ ಯಾರದೋ ಪಾಲಾಗಿದ್ದು, ಅವರು ವಿನಯದಿಂದಲೇ ‘ನಿಮ್ಮ ಶಾಲೆಯ ಮಳೆಯ ಸುದ್ದಿ ನನಗೆ ದಿನಾ ಬರುತ್ತಿದೆ’ ಎಂದು ತಿಳಿಸಿದರು. ಈಗ ಪ್ರತಿ ಮಗುವಿಗೂ ಎರಡು ಸಂಖ್ಯೆ, ಅದರಲ್ಲೊಂದು ಕೀಪ್ಯಾಡ್ ಮೊಬೈಲಿನದು, ಜೂನ್ ಮತ್ತು ನವೆಂಬರಿನಲ್ಲಿ ಮರುಪರಿಶೀಲನೆ ಎಂಬ ನಿಯಮ ಮಾಡಿಕೊಂಡಿದ್ದೇವೆ.

ದುಡ್ಡಿಲ್ಲದೆ ಸಿಗುವ ಸೇವೆಗಳನ್ನು ಬಿಟ್ಟು ಇದೊಂದನ್ನೇ ನೆಚ್ಚಬೇಕಾಗಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಸ್ಥಳಕ್ಕೆ ತಕ್ಕ ಎಚ್ಚರಿಕೆಗಳನ್ನು ಕೊಡುತ್ತದೆ, ಸಿಡಿಲಿನ ಮುನ್ಸೂಚನೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಮಳೆಯ ಮುನ್ಸೂಚನೆ ಕೇಳಬಹುದು, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಇದೆ. ಒಂದು ಪ್ರದೇಶದ ಎಲ್ಲ ಮೊಬೈಲುಗಳಿಗೂ ಒಟ್ಟಿಗೆ ಸಂದೇಶ ಬಿತ್ತರಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯನ್ನು 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲೂ ಪರೀಕ್ಷಿಸಿದರು. ಅಂದು ಎಲ್ಲರ ಜೇಬಿನಲ್ಲೂ ಒಮ್ಮೆಗೇ ಕೂಗಿದ ಆ ಸದ್ದನ್ನು ಓದುಗರು ಮರೆತಿರಲಾರರು. ಇವೆಲ್ಲ ಊರಿಗೆ ಸಂಬಂಧಿಸಿದ ಸುದ್ದಿ ಕೊಡುತ್ತವೆ. ‘ನಿಮ್ಮ ಮಗು ಇರುವ ಬಸ್ಸು ಮಂಡಗದ್ದೆಯ ಹತ್ತಿರ ಬಿದ್ದ ಮರದ ಆಚೆ ನಿಂತಿದೆ, ಮಕ್ಕಳು ಕ್ಷೇಮ’ ಎಂಬುದನ್ನು ಹೇಳಬೇಕಾದದ್ದು ಶಾಲೆಯೇ. ವಾಟ್ಸ್ಆ್ಯಪ್ ಗುಂಪು ಈ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ, ಆದರೆ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿರಬೇಕು. ಅದರ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ನೆಚ್ಚುವವರು, ಶಾಲೆಯ ಸಂಖ್ಯೆಯನ್ನು ಉಳಿಸಿಕೊಂಡಿರದ ಪೋಷಕರಿಗೆ ಆ ಸಂದೇಶ ಹೋಗುವುದೇ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಕರೆಯೂ ಹೋಗದ ಮನೆಗಳಿಗೆ ಹಾಲಿನ ಡೇರಿಯೇ ಗತಿ. ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಊರಿನ ಪ್ರತಿ ಮೂಲೆಯಿಂದ ಒಬ್ಬರಾದರೂ ಕ್ಯಾನು ಹಿಡಿದು ಅಲ್ಲಿಗೆ ಬರುತ್ತಾರೆ. ಹಾಲು ಅಳೆಯುವವರ ಸಂಖ್ಯೆಗಳನ್ನೂ ಬಸ್ಸಿನ ಚಾಲಕರ ಸಂಖ್ಯೆಗಳನ್ನೂ ನಾವು ಪೋಷಕರ ಪಟ್ಟಿಗೆ ಪ್ರತ್ಯೇಕ ಗುಂಪಾಗಿ ಸೇರಿಸಿದೆವು. ಕಂಪನಿಯವರು ‘ಇವರು ವಿದ್ಯಾರ್ಥಿಗಳ ಪೋಷಕರಲ್ಲವಲ್ಲ’ ಎಂದು ತಕರಾರು ತೆಗೆದರು. ಕೊನೆಗೆ ಅವರನ್ನು ‘ಸಿಬ್ಬಂದಿ’ ಎಂಬ ಕಲಮಿನಲ್ಲಿ ಸೇರಿಸಿಕೊಂಡು ಒಪ್ಪಿದರು. ಇಡೀ ವರ್ಷದಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಮನೆ ಮುಟ್ಟಿದ ಸಂದೇಶಗಳು ಈ ಗುಂಪಿಗೆ ಹೋದವೇ.

ಗ್ರಾಹಕ ಸೇವೆ ಸಾಧಾರಣ ಎನ್ನಬಹುದು. ಕೆಲಸದ ದಿನಗಳಲ್ಲಿ ಕನ್ನಡ ಮಾತನಾಡುವವರು ಸಿಗುತ್ತಾರೆ, ಮರ್ಯಾದೆಯಿಂದ ಉತ್ತರಿಸುತ್ತಾರೆ. ಭಾನುವಾರ ರಾತ್ರಿ ಸಿಗುವುದು ಧ್ವನಿಮುದ್ರಿಕೆ ಮಾತ್ರ, ಸೋಮವಾರದ ರಜೆಗಳೆಲ್ಲ ಭಾನುವಾರ ರಾತ್ರಿಯೇ ಘೋಷಣೆಯಾಗುವ ಜಿಲ್ಲೆಯಲ್ಲಿ ಇದು ಸಣ್ಣ ದೋಷವಲ್ಲ. ಕರಾರು ಪತ್ರದ ಬಗ್ಗೆಯೂ ಒಂದು ಆಕ್ಷೇಪವಿದೆ. ಚಂದಾ ಮುಗಿದ ಮೇಲೆ ಮಕ್ಕಳ ಮತ್ತು ಪೋಷಕರ ಮಾಹಿತಿಯನ್ನು ಅಳಿಸುತ್ತಾರೆಯೇ ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಚಂದಾ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬ ಷರತ್ತನ್ನು ನಾವು ಕೈಬರಹದಲ್ಲಿ ಸೇರಿಸಿ ಎರಡೂ ಕಡೆಯ ಸಹಿ ಮಾಡಿಸಿಕೊಂಡೆವು.

ಒಟ್ಟು ಐದರಲ್ಲಿ ಧ್ವನಿಕರೆಗೆ ನಾಲ್ಕು, ಎಸ್‌ಎಂಎಸ್‌ಗೆ ಮೂರು, ಆ್ಯಪಿಗೆ ಒಂದೂವರೆ ಅಂಕ ಕೊಡುತ್ತೇನೆ. ಪೇಟೆಯ ದೊಡ್ಡ ಕಾಲೇಜುಗಳಿಗೆ ಈ ಲೆಕ್ಕ ತಿರುಗುಮುರುಗಾಗಬಹುದು. ನೂರು ನೂರೈವತ್ತು ಮಕ್ಕಳಿರುವ ಶಾಲೆಗೆ ಇಷ್ಟು ಖರ್ಚು ಬೇಕಿಲ್ಲ: ಒಳ್ಳೆಯ ಪಟ್ಟಿ, ತರಗತಿಗೊಬ್ಬ ಶಿಕ್ಷಕರು, ಒಬ್ಬರು ಹತ್ತು ಮನೆಗೆ ಕರೆ ಮಾಡುವ ಕ್ರಮ ಸಾಕಾಗುತ್ತದೆ. ನಾವು ಈ ವರ್ಷ ಆ್ಯಪನ್ನು ಕೈಬಿಟ್ಟು ಕರೆ ಮತ್ತು ಎಸ್‌ಎಂಎಸ್ ಮಾತ್ರ ಮುಂದುವರಿಸಿದ್ದೇವೆ. ಅಂತಹ ಯೋಜನೆ ಕಂಪನಿಯ ದರಪಟ್ಟಿಯಲ್ಲಿ ಇಲ್ಲ, ಪಟ್ಟು ಹಿಡಿದು ಕೇಳಿದರೆ ಕೊಡುತ್ತಾರೆ. ಪ್ರಾತ್ಯಕ್ಷಿಕೆ ತೋರಿಸಲು ಬರುವ ಪ್ರತಿನಿಧಿಯನ್ನು ಮುಖ್ಯ ಶಿಕ್ಷಕರ ಕೊಠಡಿಯ ವೈಫೈ ಬಳಿ ಕೂರಿಸದೆ, ಸಾಧ್ಯವಾದರೆ ಜುಲೈ ತಿಂಗಳಲ್ಲೇ ಕರೆಸಿ, ಕರೆಂಟಿಲ್ಲದ ಹೊತ್ತಿನಲ್ಲಿ ಕೀಪ್ಯಾಡ್ ಮೊಬೈಲೊಂದಕ್ಕೆ ಕನ್ನಡದಲ್ಲಿ ಸುದ್ದಿ ಕಳಿಸಿ ತೋರಿಸಲು ಹೇಳಿ.